ಅತ್ತೆಯವರ ಆರು ಹಿಸ್ಸೆ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನಲ್ಲಿ ನಾನು ಅಳೆಯದ ಹೊಲ ಇದ್ದರೆ ಅದು ಹೊಲವೇ ಅಲ್ಲ, ಆಕಾಶ! ಮೂವತ್ನಾಲ್ಕು ವರ್ಷ ಸರ್ವೇಯರ್ ಆಗಿ ಸರಪಳಿ ಎಳೆದವನು ನಾನು. ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರು ನಾನು ಹಿಸ್ಸೆ ಮಾಡಿ ಕೊಟ್ಟ ಮೇಲೆ ಬದುವಿನ ಮೇಲೆ ಕೂತು ಒಂದೇ ಗಂಗಾಳದಲ್ಲಿ ಉಂಡದ್ದುಂಟು. ನಾನು ಕಲ್ಲು ನೆಟ್ಟ ಹೊಲದಲ್ಲಿ ಇರುವೆ ಕೂಡ ಆಚೆಯ ಜೋಳದ ಕಾಳು ಈಚೆಗೆ ಎಳೆದು ತರುವ ಮುಂಚೆ ನಾಲ್ಕು ಸಲ ಯೋಚಿಸುತ್ತಿತ್ತು. ನನ್ನ ಹಿಸ್ಸೆಯ ಮೇಲೆ ಇವತ್ತಿನವರೆಗೆ ಒಬ್ಬನೇ ಒಬ್ಬ ಅಪೀಲು ಹೋದದ್ದಿಲ್ಲ!

ಹೋದದ್ದಿಲ್ಲ ಅಂತ ಹೋದ ತಿಂಗಳವರೆಗೆ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ಅತ್ತೆ ಮಾಣಿಕಮ್ಮನವರು ಮಟಕಿ ಎಂಬ ಊರಿನವರು. ಒಂದು ಚೀಲ ಜೋಳ ಬೀಸಿ ಮುಗಿದರೂ ಒಮ್ಮೆ ಹಾಡಿದ ಪದ ಅವರ ಬಾಯಲ್ಲಿ ಮತ್ತೊಮ್ಮೆ ಬರುತ್ತಿರಲಿಲ್ಲ. ಅಷ್ಟು ಪದ! ಅವರು ಹಾಡಲು ಕೂತರೆ ಕೊಟ್ಟಿಗೆಯ ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸುತ್ತಿತ್ತು. ಅವರು ತೀರಿಕೊಂಡು ಏಳು ವರ್ಷವಾಯಿತು. ಅದಕ್ಕೂ ಮೊದಲು, ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಸ್ರೀನ ಎಂಬ ಹುಡುಗಿ ಮಟಕಿಯ ಮನೆಯಲ್ಲಿ ಮೂರು ದಿನ ಕ್ಯಾಮೆರಾ ಇಟ್ಟು ಅವರ ಪದಗಳನ್ನೆಲ್ಲ ಹಿಡಿದುಕೊಂಡು ಹೋಗಿದ್ದಳು.

ಅತ್ತೆಗೆ ಮೂರು ಹೆಣ್ಣುಮಕ್ಕಳು. ಹಿರಿಯವಳು ಸುಂದರಬಾಯಿ, ಆಳಂದದಲ್ಲಿ ನನ್ನನ್ನು ಸಂಭಾಳಿಸುತ್ತಿದ್ದಾಳೆ. ನಡುವಿನವಳು ಜಗದೇವಿ, ಅಫಜಲಪುರ. ಕಿರಿಯವಳು ಗುರುಬಾಯಿ, ಜೇವರ್ಗಿ. ತಾಲೂಕಿಗೊಬ್ಬಳಂತೆ ಕೊಟ್ಟು ಅತ್ತೆಯವರು ನನಗಿಂತ ಮೊದಲೇ ಜಿಲ್ಲೆಯನ್ನು ಸಮನಾಗಿ ಹಂಚಿಬಿಟ್ಟಿದ್ದರು.

ಬಸುರಿಯಾಗಿದ್ದ ನಮ್ಮ ಮೊಮ್ಮಗಳು ಸೃಷ್ಟಿಗೆ ಏಳು ತಿಂಗಳು ತುಂಬಿತು. ಕುಬಸ ಮಾಡಬೇಕು ಅಂತಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಏರಿಸಿ, ಉಡಿ ತುಂಬುವಾಗ ಹಾಡುವ ಪದ ಒಂದಿದೆ. ಮಾಣಿಕಮ್ಮನ ಮಕ್ಕಳ ಮನೆಯಲ್ಲಿ ಆ ಪದವಿಲ್ಲದೆ ಕುಬಸವಾಗುವುದಿಲ್ಲ. ಐದು ನುಡಿಯ ಪದ. ಮೂರು ನುಡಿ ಮೂವರಿಗೂ ಬರುತ್ತವೆ. ಐದನೆಯದು ಊರಿಗೇ ಬರುತ್ತದೆ. ನಾಲ್ಕನೆಯದು ಯಾರಿಗೂ ಬರುವುದಿಲ್ಲ! ಇದರ ಮೇಲೆ ಒಂದು ತಿಂಗಳು ಮೂರು ತಾಲೂಕಿನ ಟವರುಗಳು ಕಾದು ಕೆಂಪಾದವು.

“ನಾಕನೇದ್ರಾಗ ಬಸುರಿ ಮಾವಿನಕಾಯಿ ಬೇಡ್ತಾಳ,” ಅಂತ ಜಗದೇವಿ.

“ಎಲ್ಲೀ ಮಾವಿನಕಾಯಿ ಬೇ? ಅವ್ವ ಹುಣಸಿಕಾಯಿ ಅಂತಿದ್ಲು!” ಅಂತ ಗುರುಬಾಯಿ.

“ಇಬ್ಬರಿಗೂ ತಿನ್ನೂದೇ ನೆನಪದ. ಅದ್ರಾಗ ತವರಿನ ದಾರಿ ಬರ್ತದ, ದಾರಿ!” ಅಂತ ನನ್ನವಳು.

ಒಂದು ಮಧ್ಯಾಹ್ನ ಹೀಗೇ ಜಗಳಾಡಿ ಫೋನ್ ಇಟ್ಟ ಸುಂದರಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಪದ ಹೋಗ್ಲಿ ಬಿಡ್ರಿ. ಅವ್ವನ ದನೀನೇ ಮರೆಯಾಕತ್ತದ ನನಗ. ನಿನ್ನಿ ನೆನಸ್ಕೋಬೇಕಂದ್ರ ಬರಲೇ ಇಲ್ಲ.”

ನಲವತ್ತಾರು ವರ್ಷದಲ್ಲಿ ನನ್ನ ಹೆಂಡತಿ ನನ್ನ ಹತ್ತಿರ ಬಾಯಿಬಿಟ್ಟು ಬೇಡಿದ್ದು ಕಡಿಮೆ. ಆಜ್ಞೆ ಮಾಡಿದ್ದೇ ಹೆಚ್ಚು. ಇದು ಎರಡೂ ಅಲ್ಲ. ನನಗೆ ತಡೆಯಲಿಲ್ಲ. “ಎಂಟು ದಿನದಾಗ ನಿಮ್ಮವ್ವನ್ನ ಈ ಪಡಸಾಲಿಗಿ ತಂದು ಕೂಡಿಸ್ತೇನಿ! ಇಲ್ಲಂದ್ರ ನಾನು ಸರ್ವೇಯರ್ ಅಲ್ಲ!” ಎಂದು ಎದೆ ತಟ್ಟಿದೆ. ಎದೆ ಸ್ವಲ್ಪ ನೋಯಿತು. ವಯಸ್ಸು.

ಹುಡುಕಿ ಹುಡುಕಿ ನಸ್ರೀನಳ ನಂಬರು ಹಿಡಿದೆ. ಈಗ ಎಲ್ಲೋ ದೂರದ ಊರಲ್ಲಿ ಪಾಠ ಹೇಳುತ್ತಾಳಂತೆ. ಚಿನ್ನದಂಥ ಹುಡುಗಿ, ಮರುದಿನವೇ ವಾಟ್ಸಾಪಿನಲ್ಲಿ ಒಂದು ಲಿಂಕ್, ಅದರ ಕೆಳಗೆ ನಾಲ್ಕು ಸಾಲು: “ಅಂಕಲ್, ಆಯಿಯ ವಿಡಿಯೋ ಎಲ್ಲಾ ಸೇರಿ ಬಹಳ ದೊಡ್ಡದಿದೆ. ಜಿಪ್ ಫೈಲಾಗಿ ಒತ್ತಿ ಗಂಟು ಕಟ್ಟಿ ಆರು ಭಾಗ ಮಾಡಿ ಹಾಕಿದ್ದೇನೆ. ಲಿಂಕ್ ಎಂಟೇ ದಿನ ಇರುತ್ತದೆ. ಆರನ್ನೂ ಒಂದೇ ಫೋಲ್ಡರಿನಲ್ಲಿ ಇಡಿ, ಹೆಸರು ಬದಲಿಸಬೇಡಿ.”

ಕೊನೆಯ ಸಾಲು ಓದಿ ನಕ್ಕೆ. ದಾಖಲೆ ಎಲ್ಲಿಡಬೇಕು, ಏನು ಹೆಸರಿಡಬೇಕು ಅಂತ ನನಗೆ ಹೇಳುವುದೇ! ಮೀನಿಗೆ ಈಜು ಕಲಿಸಲು ಬಂದಿದೆ ಕೂಸು ಅಂದುಕೊಂಡೆ.

ಇಳಿಸುವ ಕೆಲಸ ಭಗೀರಥನದು. ಅವನಾದರೂ ಒಂದು ಗಂಗೆ ಇಳಿಸಿದ, ನಾನು ಆರು! ನಮ್ಮ ಓಣಿಯಲ್ಲಿ ನೆಟ್‌ವರ್ಕ್ ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕ ಮಾತ್ರ ಬರುತ್ತದೆ. ಅದೂ ಗಾಳಿ ಅಫಜಲಪುರದ ಕಡೆಯಿಂದ ಬೀಸಿದರೆ. ಫೋನನ್ನು ಟಾಕಿಗೆ ಕಟ್ಟಿ, ಕಂಪ್ಯೂಟರನ್ನು ಹೊತ್ತು ಮಾಳಿಗೆಗೆ ಹತ್ತಿಸಿ, ಮೇಲೆ ಕೌದಿಯ ನೆರಳು ಮಾಡಿ ಎರಡು ಹಗಲು ಕಾವಲು ಕೂತೆ. ನೂರಕ್ಕೆ ತೊಂಬತ್ತೊಂಬತ್ತು ಬಂದು ನಿಂತ ಮೂರನೇ ಭಾಗಕ್ಕೆ ಕೈಮುಗಿದದ್ದೂ ಉಂಟು. ಅಂತೂ ಆರೂ ಇಳಿದವು.

“ಎಲ್ಲಾ ಬಂದಾವೇನ್ರಿ? ಹಚ್ರಿ ಮತ್ತ, ಅವ್ವನ್ನ ನೋಡೋಣು,” ಅಂತ ಸುಂದರಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತಳು.

ಆಗ ನನ್ನ ತಲೆಯಲ್ಲಿ ಮೂವತ್ನಾಲ್ಕು ವರ್ಷದ ಸರಪಳಿ ಝಣ್ ಎಂದಿತು.

“ತಡಿ. ನೀವು ಅಕ್ಕತಂಗ್ಯಾರು ಎಷ್ಟು ಮಂದಿ?”

“ಇದೇನು ಹೊಸಾದು ಕೇಳ್ತೀರಿ? ಮೂವರು.”

“ಇವು ಎಷ್ಟು?”

“ಆರು.”

“ತಲಿಗಿ ಎಷ್ಟು ಬಂತು?”

“ಎರಡು. ಅದಕ್ಕೇನೀಗ?”

“ದೇವರು ಲೆಕ್ಕ ಮಾಡಿನೇ ಕಳಿಸ್ಯಾನ! ಇದು ತಾಯಿ ಆಸ್ತಿ. ಮೂರೂ ಹೆಣ್ಣುಮಕ್ಕಳಿಗಿ ಸಮಪಾಲು!”

“ಅಲ್ರೀ, ಮೊದ್ಲು ನೋಡೋಣು, ಆಮ್ಯಾಲೆ ಹಂಚ್ರಿ. ಏನು ಓಡಿ ಹೋಗ್ತದ?”

“ಹಂಚೂದಕ್ಕಿಂತ ಮೊದ್ಲ ಒಬ್ರು ಉಂಡ್ರ ಅದಕ್ಕ ಹಿಸ್ಸೆ ಅನ್ನಾಂಗಿಲ್ಲ, ಎಂಜಲ ಅಂತಾರ! ನಾಳಿ ನಿನ್ನ ತಂಗಿಗೋಳು ಅಕ್ಕ ಮೊದ್ಲ ಚಲೋ ಚಲೋದು ನೋಡಿದ್ಲು ಅಂದ್ರ?”

ಸುಂದರಬಾಯಿ ಎದ್ದು ಒಲೆಯ ಕಡೆ ಹೋದಳು. ಅವಳು ಹಾಗೆ ಎದ್ದು ಹೋದಳೆಂದರೆ ಒಪ್ಪಿದಳು ಅಂತಲ್ಲ. ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು ಅಂತ.

ಕೆಲಸಕ್ಕೆ ಕೂತೆ. ಐದು ಭಾಗಗಳ ಅಳತೆ ತಕ್ಕಡಿಯಲ್ಲಿ ತೂಗಿದಂತೆ ಸರಿಸಮ. ಆರನೆಯದು ಮಾತ್ರ ಕಾಲುಭಾಗದಷ್ಟು. ಇದೂ ನನಗೆ ಹೊಸದಲ್ಲ. ಎಂಥ ಹೊಲ ಅಳೆದರೂ ಮೂಲೆಯಲ್ಲೊಂದು ಚೂಪು ತುಂಡು ಉಳಿಯುತ್ತದೆ. ಅದನ್ನು ಕಿರಿಯರ ಪಾಲಿಗೆ ಹಾಕಿ ಬೆನ್ನು ಚಪ್ಪರಿಸುವುದು ರೂಢಿ. ಆರನೆಯದು ಗುರುಬಾಯಿಗೆ. ಆಮೇಲೆ ಹೆಸರುಗಳು. ಇದ್ದವು ಬರೀ ಇಂಗ್ಲಿಷ್ ಅಕ್ಷರ, ಬಾಲಕ್ಕೊಂದು ಅಂಕಿ. ಮನುಷ್ಯರು ಇಡುವ ಹೆಸರೇ ಅದು? ಎಲ್ಲ ಅಳಿಸಿ ಕನ್ನಡದಲ್ಲಿ “ಸುಂದರಬಾಯಿ ಹಿರೇಪಾಲು”, “ಜಗದೇವಿ ನಡುಪಾಲು ಮೂಡಣಬದಿ”, “ಗುರುಬಾಯಿ ಕಿರೇಪಾಲು ಮೂಲೆತುಂಡು” ಎಂದು ಚೆಂದಾಗಿ ನಾಮಕರಣ ಮಾಡಿದೆ. ಮೂರು ಪೆನ್‌ಡ್ರೈವ್ ತಂದು, ಒಬ್ಬೊಬ್ಬರ ಪಾಲು ಒಂದೊಂದಕ್ಕೆ ತುಂಬಿ, ಅರಿಷಿಣ ಕುಂಕುಮ ಹಚ್ಚಿ, ಎರಡನ್ನು ಕೊಬ್ಬರಿ ಬಟ್ಟಲ ಜೊತೆ ವಸ್ತ್ರದಲ್ಲಿ ಕಟ್ಟಿ, ಒಂದು ಅಫಜಲಪುರದ ಬಸ್ಸಿನ ಕಂಡಕ್ಟರನ ಕೈಗೆ, ಇನ್ನೊಂದು ಜೇವರ್ಗಿಯ ಬಸ್ಸಿನವನ ಕೈಗೆ ಕೊಟ್ಟು ಬಂದೆ. ಒಂದೇ ಜಮೀನಿಗೆ ಎರಡು ದಾಖಲೆ ಇದ್ದರೆ ಜಗಳ ತಪ್ಪಿದ್ದಲ್ಲ ಎಂಬುದು ನನ್ನ ಸಿದ್ಧಾಂತ. ಆದ್ದರಿಂದ ಕಂಪ್ಯೂಟರಿನಲ್ಲಿದ್ದ ಆರನ್ನೂ ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಶಿಸ್ತು!

ಮೂವರಿಗೂ ಪಾಲು ಮುಟ್ಟಿದ ಮೇಲೆ ನಮ್ಮ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಹೆಂಡತಿಯನ್ನು ಕರೆದು, ಊದುಬತ್ತಿ ಹಚ್ಚಿಸಿ ಹಿರೇಪಾಲನ್ನು ಒತ್ತಿದೆ. ಪದಗಳ ಪಟ್ಟಿ ಬಿಚ್ಚಿಕೊಂಡಿತು. ಬೀಸುವ ಪದ, ತೊಟ್ಟಿಲ ಪದ, ಸುಗ್ಗಿ ಪದ... ಇಪ್ಪತ್ತಮೂರನೆಯದು ಕುಬಸದ ಪದ!

“ಅದು! ಅದರ ಮ್ಯಾಲೆ ಒತ್ರಿ!” ಅಂತ ಸುಂದರಬಾಯಿ ನನ್ನ ಭುಜ ಹಿಡಿದು ಅಲುಗಾಡಿಸಿದಳು.

ಒತ್ತಿದೆ. ಕಂಪ್ಯೂಟರ್ ಒಂದು ಪೆಟ್ಟಿಗೆ ತೆರೆದು ಕೇಳಿತು: ಮುಂದಿನ ಭಾಗ ಎಲ್ಲಿದೆ?

“ಅಫಜಲಪುರದಾಗ ಅದ,” ಎಂದೆ.

ಕಂಪ್ಯೂಟರಿಗೆ ಅಫಜಲಪುರ ಗೊತ್ತಿರಲಿಲ್ಲ. ಮತ್ತೆ ಅದೇ ಪ್ರಶ್ನೆ. ಹತ್ತು ಸಲ ಒತ್ತಿದೆ, ಹತ್ತು ಸಲ ಕೇಳಿತು. ಅಷ್ಟು ಹಟಮಾರಿ ಅರ್ಜಿದಾರನನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅಷ್ಟರಲ್ಲಿ ಫೋನು.

“ಮಾಮಾ, ಇದೇನು ಕಳಿಸೀರಿ?” ಜಗದೇವಿ. “ಒತ್ತಿದ್ರ ಮೊದಲನೇದು ತಾ ಅಂತದ. ಮೊದಲನೇದು ಯಾರ ಕಡೆ ಅದ?”

“ನಿಮ್ಮಕ್ಕನ ಕಡೆ.”

“ಹೌದೇನು! ಬೀಗದ ಕೈ ಅಕ್ಕನ ಕಡೆ, ಖಾಲಿ ಪೆಟಗಿ ನಮ್ಮ ಕಡೆ! ಚಲೋ ಹಿಸ್ಸೆ ಮಾಡೀರಿ ಮಾಮಾ!”

ಅದನ್ನಿಡುವಷ್ಟರಲ್ಲಿ ಜೇವರ್ಗಿ.

“ಮಾಮಾ, ನಮ್ಮ ಓಣ್ಯಾಗ ಕಂಪ್ಯೂಟರ್ ಬಲ್ಲವರಿಗಿ ತೋರಿಸ್ದೆ. ನನಗ ಬಂದಿದ್ದು ಎಲ್ಲಾಕಿಂತ ಸಣ್ಣದಂತ! ಅವ್ವನ ತೊಡಿ ಮ್ಯಾಲೆ ಕಡೀಕಿ ಕೂತಾಕಿ ನಾನು. ನನಗ ಮೂಲಿತುಂಡು ಅಂತ ಹೆಸರು ಬ್ಯಾರೆ ಬರ್ದು ಕಳಿಸೀರಿ!”

ಹೊಲ, ಮನೆ, ಅವ್ವನ ಬೋರಮಾಳ ಸರ ಯಾವುದಕ್ಕೂ ಜಗಳಾಡದ ಮೂವರು ಅಕ್ಕತಂಗಿಯರು! ತೀರಿಕೊಂಡ ತಾಯಿಯ ಸೀರೆಯನ್ನು ನೀ ಇಟ್ಕೋ, ನೀ ಇಟ್ಕೋ ಅಂತ ಒಬ್ಬರ ಮೇಲೊಬ್ಬರು ಎಸೆದವರು! ನಾನು ನಡುವೆ ಬಂದು ಹಿಸ್ಸೆ ಮಾಡಿದ ನಾಲ್ಕೇ ದಿನಕ್ಕೆ ಮಾತು ಬಿಟ್ಟರು. ಜಗದೇವಿ ಕುಬಸಕ್ಕೇ ಬರುವುದಿಲ್ಲ ಅಂದಳಂತೆ. ಮನೆಯಲ್ಲಿ ನನಗೆ ರೊಟ್ಟಿ ಬರುತ್ತಿತ್ತು, ಪಲ್ಯ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಒಮ್ಮೆ ನೀರು ಕೇಳಿದೆ. “ಮುಂದಿನ ಭಾಗ ಜೇವರ್ಗ್ಯಾಗ ಅದ,” ಎಂದಳು ನನ್ನ ಅರ್ಧಾಂಗಿ.

ಮತ್ತೆ ಇಳಿಸಿಕೊಂಡರಾಯಿತು ಅಂತ ಲಿಂಕ್ ಒತ್ತಿದರೆ ಎಂಟು ದಿನ ಮುಗಿದು ಒಂದು ದಿನವಾಗಿತ್ತು. ನಸ್ರೀನಳಿಗೆ ಫೋನು ಹಚ್ಚಿದೆ. “ಅಯ್ಯೋ ಅಂಕಲ್, ಅವು ಇದ್ದದ್ದು ಹಳೇ ಕಂಪ್ಯೂಟರಿನಲ್ಲಿ. ನಿಮಗೆ ಕಳಿಸಿದ ಮರುದಿನವೇ ಅದು ಕೆಟ್ಟು ಕೂತಿತು. ನಿಮ್ಮ ಹತ್ತಿರ ಇರುವುದೇ ಇನ್ನು ಉಳಿದದ್ದು. ಜೋಪಾನ!” ಎಂದಳು. ಗುರುವಾರ ಅವತ್ತು. ರವಿವಾರ ಕುಬಸ!

ಪೆನ್‌ಡ್ರೈವ್ ಹಿಡಿದು ಬಸ್‌ಸ್ಟ್ಯಾಂಡಿನ ಹತ್ತಿರದ ಶರಫುದ್ದೀನನ ಝೆರಾಕ್ಸ್ ಅಂಗಡಿಗೆ ಓಡಿದೆ. ಶರಫುದ್ದೀನ ನನ್ನ ವಾರಿಗೆಯವನು; ಮೊದಲು ಟೈಪಿಂಗ್ ಕಲಿಸುತ್ತಿದ್ದ, ಈಗ ಊರಿಗೆಲ್ಲ ಆನ್‌ಲೈನ್ ಅರ್ಜಿ ತುಂಬುತ್ತಾನೆ. ನಾನು ಕಥೆ ಹೇಳಿ ಮುಗಿಸುವವರೆಗೆ ಅವನು ಕನ್ನಡಕ ತೆಗೆದು ಮೂರು ಸಲ ಒರೆಸಿದ.

“ಸರ್ವೇರ್ ಸಾಬ್, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮತ್ತಿ ಮನ್ಯಾಗ ಬೀಸೂ ಕಲ್ಲು ಇತ್ತಿಲ್ಲ?”

“ಇತ್ತು.”

“ಅದರ ಮ್ಯಾಲಿನ ಕಲ್ಲು ಆಳಂದಕ್ಕ, ಕೆಳಗಿನ ಕಲ್ಲು ಅಫಜಲಪುರಕ್ಕ, ಗೂಟ ಕಿತ್ತು ಜೇವರ್ಗಿಗಿ ಕಳಿಸಿ, ಮೂರೂ ಕಡೆ ಹಿಟ್ಟ ಯಾಕ ಬೀಳವಲ್ದು ಅಂತ ಕೇಳಾಕತ್ತೀರಿ ನೀವು! ಇವು ಆರು ಫೈಲ್ ಅಲ್ರಿ. ಒಂದ! ಒಂದನ್ನ ಆರು ತುಂಡು ಮಾಡ್ಯಾರ. ಆರೂ ಒಂದ ಕಡೆ ಕೂಡಿದ್ರ ಮಾತ್ರ ಬಾಯಿ ಬಿಡ್ತದ.”

“ಕೂಡಿಸೂದು ಹೆಂಗ?” ಎಂದೆ. ಮೂವತ್ನಾಲ್ಕು ವರ್ಷದ ಸರ್ವೀಸಿನಲ್ಲಿ ಒಮ್ಮೆಯೂ ನನ್ನ ಬಾಯಲ್ಲಿ ಬರದ ಪ್ರಶ್ನೆ ಅದು.

“ಮೊದ್ಲು ಅಕ್ಕತಂಗ್ಯಾರನ್ನ ಕೂಡಿಸ್ರಿ. ಫೈಲ್ ನಾ ಕೂಡಿಸ್ತೀನಿ.”

ಮೊದಲನೆಯದೇ ಕಷ್ಟ. ಜಗದೇವಿಗೆ ಫೋನು ಹಚ್ಚಿ, ಪೆನ್‌ಡ್ರೈವನ್ನು ಬಸ್ಸಿಗೆ ಕೊಟ್ಟು ಕಳಿಸು ತಾಯಿ ಅಂದೆ.

“ಆಗೂದಿಲ್ಲ ಮಾಮಾ. ಅಸಲ ಕಾಗದ ಯಾರ ಕೈಗೂ ಕೊಡಬಾರದು ಅಂತ ನೀವೇ ಹೇಳ್ತಿದ್ರಿ.”

“ಅದು ಹೊಲದ ಕಾಗದಕ್ಕ ಹೇಳಿದ್ದವ್ವ!”

“ಇದೇನು ಹೊಲಕ್ಕಿಂತ ಕಡಿಮೀದೇನು? ನನ್ನ ಪಾಲು ನಾನ ಹಿಡ್ಕೊಂಡು ಬರ್ತೇನಿ. ನನ್ನ ಕಣ್ಣ ಮುಂದ ಜೋಡಿಸ್ರಿ, ನನ್ನ ಕಣ್ಣ ಮುಂದ ವಾಪಸ್ ಕೊಡ್ರಿ.”

ಗುರುಬಾಯಿಯದೂ ಅದೇ ಮಾತು. ಮೇಲೊಂದು ಷರತ್ತು, ಮೂಲೆತುಂಡು ಅಂತ ಬರೆದದ್ದನ್ನು ಎಲ್ಲರೆದುರು ಅಳಿಸಬೇಕು!

ಶನಿವಾರ ಹೊತ್ತು ಏರುವುದರೊಳಗೆ ಇಬ್ಬರೂ ಬಂದಿಳಿದರು. ಮೂವರೂ ಪಡಸಾಲೆಯ ಮೂರು ಮೂಲೆಗೆ ಮೂರು ಗಡಿಕಲ್ಲಿನಂತೆ ಕೂತರು. ಜಗದೇವಿ ತನ್ನ ಪೆನ್‌ಡ್ರೈವನ್ನು ಎಲೆಅಡಿಕೆ ಚೀಲದಿಂದ ತೆಗೆದಳು; ಸುಣ್ಣ ಹತ್ತಿತ್ತು. ಗುರುಬಾಯಿ ಸೆರಗಿನ ಗಂಟಿನಿಂದ ಬಿಚ್ಚಿದಳು. ಶರಫುದ್ದೀನ ಮೂರನ್ನೂ ತೆಗೆದುಕೊಂಡು ನಮ್ಮ ಕಂಪ್ಯೂಟರಿನ ಮುಂದೆ ಕೂತು ಆರನ್ನೂ ಒಂದೇ ಕಡೆ ಸುರಿದ. ಒತ್ತಿದ. ಪೆಟ್ಟಿಗೆ ಮತ್ತೆ ಕೇಳಿತು: ಮುಂದಿನ ಭಾಗ ಎಲ್ಲಿದೆ?

“ಪಕ್ಕದಾಗೇ ಕೂತದಲ್ಲೋ, ಕಣ್ಣು ಕಾಣಾಂಗಿಲ್ಲೇನು!” ಎಂದು ನಾನು ಕಂಪ್ಯೂಟರಿಗೆ ಗದರಿದೆ.

ಶರಫುದ್ದೀನ ಹೆಸರುಗಳನ್ನು ಓದಿದ. ಹಿರೇಪಾಲು, ಮೂಡಣಬದಿ, ಮೂಲೆತುಂಡು. ಓದಿ ನನ್ನ ಕಡೆ ತಿರುಗಿ ಅವನು ನೋಡಿದ ಹಾಗೆ ನನ್ನ ಮೇಲಧಿಕಾರಿಗಳು ಕೂಡ ನನ್ನನ್ನು ಎಂದೂ ನೋಡಿರಲಿಲ್ಲ.

“ಹೆಸರು ಸುದ್ದಾ ಬದಲ ಮಾಡೀರಿ! ಸಾಬ್, ಆರಕ್ಕೂ ಹೆಸರು ಒಂದ ಇರಬೇಕು, ಕಡೀಗಿ ಅಂಕಿ ಅಷ್ಟ ಬ್ಯಾರೆ. ಇಲ್ಲಂದ್ರ ಇವಕ್ಕ ತಾವು ಒಂದ ಮನೆಯವು ಅಂತ ಗೊತ್ತಾಗೂದಿಲ್ಲ. ಮೊದ್ಲಿದ್ದ ಹೆಸರು ಏನು?”

ನೆನಪಿದ್ದರೆ ತಾನೆ!

“ಹೋಗ್ಲಿ ಬಿಡ್ರಿ. ಯಾವ್ದರ ಒಂದು ಹೆಸರು ಹೇಳ್ರಿ, ಆರಕ್ಕೂ ಅದನ್ನ ಇಡ್ತೀನಿ.”

ಅಲ್ಲಿಗೆ ಮತ್ತೊಂದು ಸುತ್ತು! ನಾನು ಹಿರಿತನದ ಪ್ರಕಾರ ಸುಂದರಬಾಯಿ ಎಂದೆ. ಇಬ್ಬರು ಎದ್ದು ನಿಂತರು. ಅಕ್ಷರದ ಪ್ರಕಾರ ಎಂದೆ. ಇನ್ನಿಬ್ಬರು ಎದ್ದು ನಿಂತರು. ಇರುವವರು ಮೂವರೇ ಆದರೂ ಒಟ್ಟು ನಾಲ್ಕು ಮಂದಿ ಎದ್ದು ನಿಂತ ಹಾಗೆ ನನಗೆ ಕಂಡಿತು, ಅಷ್ಟು ಗದ್ದಲ! ಕೊನೆಗೆ ಗುರುಬಾಯಿಯೇ, ಎಲ್ಲರಿಗಿಂತ ಕಿರಿಯವಳು, ಮೂಗೊರೆಸಿಕೊಂಡು ಹೇಳಿದಳು:

“ಅವ್ವನ ಹೆಸರು ಇಡ್ರಿ.”

ಶರಫುದ್ದೀನ ಟೈಪು ಮಾಡಿದ. ಮಾಣಿಕಮ್ಮ ಒಂದು, ಮಾಣಿಕಮ್ಮ ಎರಡು... ಮಾಣಿಕಮ್ಮ ಆರು. ಬಿಸ್ಮಿಲ್ಲಾ ಅಂದು ಒತ್ತಿದ. ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಅದು ಅರ್ಧ ದಾರಿಗೆ ಬರುವಷ್ಟರಲ್ಲಿ ಮೂರೂ ಗಡಿಕಲ್ಲುಗಳು ಮೂಲೆ ಬಿಟ್ಟು ಸರಿದು ಕಂಪ್ಯೂಟರಿನ ಮುಂದೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಯಾರ ಕೈ ಯಾರ ಕೈಯಲ್ಲಿತ್ತೋ ಅಳತೆಗೆ ಸಿಗಲಿಲ್ಲ.

ಇಪ್ಪತ್ತಮೂರನೆಯ ಪದ. ಪರದೆಯ ಮೇಲೆ ಮಟಕಿಯ ಮನೆ, ಕಂಬ, ಕಂಬಕ್ಕೊರಗಿ ಅತ್ತೆ! ಹಣೆಯ ತುಂಬ ವಿಭೂತಿ. ಗಂಟಲು ಸರಿಮಾಡಿಕೊಂಡು ಎತ್ತಿದರು ನೋಡಿ ದನಿ... ಸುಂದರಬಾಯಿ ಕಣ್ಣು ಮುಚ್ಚಿದಳು. ನೋಡಲಿ ಅಂತ ನಾನು ಹದಿನೈದು ದಿನ ಒದ್ದಾಡಿದ್ದು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. “ಹಿಂಗ... ಹಿಂಗ ಇತ್ತು ದನಿ,” ಅಂದಳು. ಮೊದಲ ನುಡಿ ಬಳೆಗಾರನದು, ಎರಡನೆಯದು ಸೀರೆಯದು, ಮೂರನೆಯದು ಜಡೆಯದು. ನಾಲ್ಕನೆಯದು ಬಂತು!

ಅತ್ತೆ ಬಾಯಿ ತೆರೆದರು. ಮುಚ್ಚಿದರು. “ಹೂಂ ಹೂಂ ಹೂಂ” ಅಂತ ರಾಗ ಎಳೆದರು. ಆಮೇಲೆ ಕ್ಯಾಮೆರಾದ ಕಡೆ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕರು.

“ಮರ್ತೇನವ್ವ ನಾಕನೇದು! ಖರೇ ಅಂದ್ರ ನಮ್ಮವ್ವಗೂ ಬರ್ತಿದ್ದಿಲ್ಲ. ಬಾಯಿಗಿ ಬಂದಿದ್ದು ಹಾಡೂದು. ಒಮ್ಮೆ ಮಾವಿನಕಾಯಿ, ಒಮ್ಮೆ ಹುಣಸಿಕಾಯಿ, ಒಮ್ಮೆ ತವರಿನ ದಾರಿ... ಬಸುರಿ ನಕ್ರ ಆತು ಬಿಡವ್ವ!”

ಒಂದು ಗಳಿಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮರುಗಳಿಗೆ ಅಕ್ಕ ತಂಗಿಯ ಮೇಲೆ, ತಂಗಿ ಅಕ್ಕನ ಮೇಲೆ ಬಿದ್ದು ನಗು! ಅಳುವೋ ನಗುವೋ ತಿಳಿಯದ ಹಾಗೆ. ಶರಫುದ್ದೀನ ಮತ್ತೆ ಕನ್ನಡಕ ತೆಗೆದು ಒರೆಸಿದ, ಈ ಸಲ ನನ್ನಿಂದಾಗಿ ಅಲ್ಲ.

ಸದ್ಯ, ಗಂಡಾಂತರ ಕಳೆಯಿತು ಎಂದು ನಾನು ಮೀಸೆ ನೇವರಿಸಿಕೊಳ್ಳುವಷ್ಟರಲ್ಲಿ, ಇನ್ನೂ ನಡೆದೇ ಇದ್ದ ವಿಡಿಯೋದಲ್ಲಿ ಕ್ಯಾಮೆರಾದ ಹಿಂದಿನಿಂದ ಒಂದು ಗಡಸು ಗಂಡು ದನಿ ಕೇಳಿಸಿತು. ಎಲ್ಲೋ ಕೇಳಿದ ದನಿ. ಎಲ್ಲೋ ಏನು, ನನ್ನದೇ! ಅವತ್ತು ನಾನೂ ಅಲ್ಲಿದ್ದದ್ದು, ಇದನ್ನೆಲ್ಲ ಕೇಳಿದ್ದು ನನಗೆ ಮರೆತೇ ಹೋಗಿತ್ತು.

“ಅತ್ತೀ, ಹಂಗ ಬಿಟ್ರ ನಡಿಯಾಂಗಿಲ್ರಿ. ಒಂದು ಕೆಲಸ ಮಾಡ್ರಿ. ಐದೂ ನುಡಿ ಬರೋಬರಿ ಅಳದು, ಮೂರೂ ಮಕ್ಕಳಿಗಿ ಪಾಲು ಮಾಡಿ ಕೊಟ್ಟುಬಿಡ್ರಿ. ಒಬ್ಬೊಬ್ರು ತಮ್ಮ ತಮ್ಮ ಪಾಲಿಂದು ನೆನಪಿಟ್ಕೋತಾರ!”

ಪಡಸಾಲೆಯ ಮೂರೂ ತಲೆಗಳು ನಿಧಾನವಾಗಿ ನನ್ನ ಕಡೆ ತಿರುಗಿದವು. ನಾನು ಸ್ವಿಚ್ಚಿನ ಕಡೆ ಕೈ ಚಾಚಿದೆ. ಸುಂದರಬಾಯಿ ಆ ಕೈ ಹಿಡಿದು ಕೂರಿಸಿದಳು. ಪರದೆಯ ಮೇಲೆ ಅತ್ತೆಯವರು ಸೆರಗು ಸರಿಮಾಡಿಕೊಂಡು, ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು:

“ಏ ಸುಂದ್ರೀ! ನಿನ್ನ ಗಂಡಗ ಏನರ ಒಂದು ಕೆಲಸ ಹಚ್ಚಬೇ! ಕೈ ಖಾಲಿ ಬಿಟ್ರ ನಾಳಿ ನನ್ನನ್ನೂ ಅಳದು ನಿಮ್ಮ ಮೂವರಿಗೂ ಹಂಚಿ ಬಿಟ್ಟಾರು!”